ದೇವರಿಗೆ ಬಿಟ್ಟ ಮೊದಲ ಚೌಕ

ನನ್ನ ಅತ್ತೆಯ ಮನೆಯಲ್ಲಿ ಯಾವುದನ್ನೂ ಅಂಚಿನಿಂದ ಶುರು ಮಾಡುತ್ತಿರಲಿಲ್ಲ. ಹೊಗೆಸೊಪ್ಪಿನ ಸಸಿ ನೆಡುವಾಗ ಮೊದಲ ಗುಂಡಿ ಖಾಲಿ, ಅದು ದೇವರಿಗೆ. ಕಾಗದ ಬರೆದರೆ ಮೊದಲು ಶ್ರೀ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹೀಗೆ ಬಿಡುವುದು ಯಾಕೆ ಎಂದು ಕೇಳಲು ಹೋಗಲಿಲ್ಲ. ನೆಡಬೇಕಾದ ಸಸಿ ಬೇಕಾದಷ್ಟಿರುತ್ತಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ನಾದಿನಿ ಹತ್ತನೇ ಕ್ಲಾಸು ಪಾಸಾಗಿ ನರ್ಸ್ ತರಬೇತಿಗೆ ಅರ್ಜಿ ಹಾಕಿದಳು. ಸೀಟು ಸಿಗದಿದ್ದರೆ ರಾವಂದೂರಿನ ಸಂಬಂಧಕ್ಕೆ ಒಪ್ಪಿಗೆ ಹೇಳಿಕಳಿಸುವುದೆಂದು ಮಾವ ತೀರ್ಮಾನ ಮಾಡಿದ್ದರು. ಗಂಡಿಗೆ ಗದ್ದೆ ಇತ್ತು, ಮುಂದಿನ ಹಲ್ಲಿರಲಿಲ್ಲ. ನಾದಿನಿಗೆ ಹಲ್ಲಿನ ಚಿಂತೆಯಲ್ಲ, ಅವಳಿಗೆ ಕೆಲಸ ಬೇಕಿತ್ತು.

ಅರ್ಜಿ ಇಂಗ್ಲಿಷಿನದು. ಹೆಸರಿಗೆ ಸಾಲಾಗಿ ಚೌಕಗಳು, ಚೌಕಕ್ಕೊಂದು ಅಕ್ಷರ. ಬರೆದದ್ದನ್ನು ಹಾಗೆಯೇ ಬೆಂಗಳೂರಿನಲ್ಲಿ ಕಂಪ್ಯೂಟರ್ ಎಂಬ ಮಿಷನ್ನಿಗೆ ಕೊಡುತ್ತಾರಂತೆ, ಪಟ್ಟಿಯನ್ನು ಅದೇ ಜೋಡಿಸುತ್ತದಂತೆ. ಅತ್ತೆ ಪಕ್ಕದಲ್ಲಿ ಕೂತು ಮೊದಲು ಶ್ರೀ ಹಾಕು ಎಂದರು. ಹೆಸರು ಬಿಟ್ಟು ಬೇರೇನೂ ಬರೆಯಬಾರದು ಎಂದಳು ಮಗಳು.

"ಬರೀಬ್ಯಾಡ ಬುಡು. ಮೊದಲ್ನೇದು ಖಾಲಿ ಬುಡು. ದೇವ್ರು ಬಂದು ಕೂತ್ಕತಾನೆ."

ಖಾಲಿ ಬಿಟ್ಟರೆ ಯಾರ ಗಂಟು ಹೋಗುತ್ತದೆ ಎಂದು ಅವಳು ಎರಡನೇ ಚೌಕದಿಂದ ಬರೆದಳು.

ಆಯ್ಕೆಯಾದವರ ಪಟ್ಟಿ ಹುಣಸೂರಿನ ಕಚೇರಿ ಗೋಡೆಗೆ ಬಿದ್ದಿದೆ ಎಂದು ಕೇಳಿ ನಾವಿಬ್ಬರೂ ಬಸ್ಸು ಹತ್ತಿದೆವು. ಹೆಸರುಗಳು ಎ, ಬಿ, ಸಿ ಎಂದು ಸಾಲಾಗಿದ್ದವು. ಅವಳದು ಕೊನೆಯ ಕಡೆ ಬರಬೇಕು. ಅಲ್ಲಿ ಬೆರಳಿಟ್ಟು ಹುಡುಕಿದಳು, ಇಲ್ಲ. ಗುಮಾಸ್ತರೂ ಎದ್ದು ಬಂದು ಅಲ್ಲೇ ನೋಡಿ ಇಲ್ಲ ಎಂದರು. ಅವಳು ಅಳಲಿಲ್ಲ. ಚೀಲ ಎತ್ತಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದಳು.

ನನಗೆ ಇಂಗ್ಲಿಷ್ ಬಾರದು. ಓದಲು ಬಾರದವರು ಹಾಳೆಯ ಆಕಾರ ನೋಡುತ್ತಾರೆ. ಹೆಸರುಗಳೆಲ್ಲ ಎಡಗಡೆ ಹಗ್ಗ ಹಿಡಿದು ನೆಟ್ಟಂತೆ ನೆಟ್ಟಗಿದ್ದವು. ಎಲ್ಲಕ್ಕಿಂತ ಮೇಲಿನದೊಂದು ಮಾತ್ರ ಒಂದಕ್ಷರದಷ್ಟು ಒಳಗೆ ಸರಿದಿತ್ತು, ಮೊದಲ ಗುಂಡಿ ಬಿಟ್ಟು ನೆಟ್ಟ ನಮ್ಮ ಸಾಲಿನ ಹಾಗೆ.

"ಆ ಮ್ಯಾಲಿಂದು ಯಾರ್ದು?"

"ಅಲ್ಯಾಕ್ ನೋಡ್ತೀಯ ಅತ್ಗೆ, ನಂದು ಕೆಳಗ್ ಬರ್ಬೇಕು."

"ಒಂದ್ಸಲ ನೋಡು ಕಣೇ. ಕಣ್ಣೇನ್ ಸವ್ದೋಗ್ತದಾ?"

ನೋಡಿದಳು. ಅವಳದೇ.

ಗುಮಾಸ್ತರು ಕನ್ನಡಕ ಹಾಕಿಕೊಂಡು ಮತ್ತೆ ಬಂದರು. ಅರ್ಜಿ ಹೇಗೆ ತುಂಬಿದಿರಿ ಎಂದು ಕೇಳಿ, ನಾವು ಹೇಳಿದ್ದಕ್ಕೆ ನಕ್ಕರು.

"ನಾವ್ ಖಾಲಿ ಅಂತೀವಿ. ಮಿಷನ್‌ಗೆ ಅದೂ ಒಂದ್ ಅಕ್ಷರ ಕಣಮ್ಮ, ಎ-ಗಿಂತ ಮುಂಚಿಂದು. ಮನುಷ್ಯ ಆಗಿದ್ರೆ ಬಿಟ್ಟು ಓದೋನು."

ಹೆಸರಿಗೂ ತಂದೆಯ ಹೆಸರಿಗೂ ನಡುವೆ ಬಿಡುವ ಚೌಕ ಬೇಕಾದದ್ದೇ, ಹೆಸರಿಗೂ ಮೊದಲೇ ಬಿಟ್ಟದ್ದು ಬೇಡ ಎಂದು ತಿಳಿಸಿದರು. ತರಬೇತಿಗೆ ಹಾಜರಾಗಲು ಮಾರನೆಯ ದಿನವೇ ಕೊನೆ ಎಂದೂ ಹೇಳಿದರು.

ದೇವರೇ ನನ್ನ ಮಗಳನ್ನು ಎಲ್ಲರಿಗಿಂತ ಮೇಲೆ ಕೂರಿಸಿದ ಎಂದು ಅತ್ತೆ ಊರೆಲ್ಲ ಹೇಳಿಕೊಂಡು ಬಂದರು. ಅಲ್ಲಿ ಕೂರಿಸಿದ್ದಕ್ಕೇ ಅವಳು ಯಾರ ಕಣ್ಣಿಗೂ ಬೀಳದೆ ಹೋಗುವವಳಿದ್ದಳು. ಅದನ್ನು ವಾದಿಸುತ್ತಾ ಕೂರಲು ನನಗೆ ಪುರುಸೊತ್ತಿರಲಿಲ್ಲ, ಅವಳ ಬಟ್ಟೆ ಗಂಟು ಕಟ್ಟಬೇಕಿತ್ತು. ಬೆಳಿಗ್ಗೆ ಅವಳನ್ನು ಬಸ್ಸಿಗೆ ಹತ್ತಿಸಿ ಬಂದ ಮಾವ, ರಾವಂದೂರಿನವರಿಗೆ ಬೇರೆ ಕಡೆ ನೋಡಿಕೊಳ್ಳಿ ಎಂದು ಹೇಳಿಕಳಿಸಿದರು.