ಕಾಫಿ ಹೇಗಿದೆ ಎಂದು ಕೇಳಿದಾಗ

ವಿಶಾಖಪಟ್ಟಣದಲ್ಲಿದ್ದಾಗ ನನಗೆ ಎರಡು ಕೆಲಸಗಳಿದ್ದವು. ಒಂದು ಬ್ಯಾಂಕಿನದು, ಹತ್ತು ಗಂಟೆಗೆ ಶುರುವಾಗುತ್ತಿತ್ತು. ಇನ್ನೊಂದು ಎಂವಿಪಿ ಕಾಲೋನಿಯ ಒಂದು ಕಾಫಿ ಅಂಗಡಿಯದು, ಬೆಳಗಿನ ಆರಕ್ಕೆ ಶುರುವಾಗಿ ಆರೂ ಐದಕ್ಕೆ ಮುಗಿಯುತ್ತಿತ್ತು. ಬ್ಯಾಂಕಿನ ಕೆಲಸಕ್ಕೆ ಆರ್ಡರ್ ಇತ್ತು, ಸೀಲು ಇತ್ತು, ಆಗಾಗ ಇನ್‌ಸ್ಪೆಕ್ಷನ್ ಇತ್ತು. ಕಾಫಿ ಅಂಗಡಿಯ ಕೆಲಸಕ್ಕೆ ಇದಾವುದೂ ಇರಲಿಲ್ಲ. ಎರಡರಲ್ಲಿ ಯಾವುದನ್ನು ಹಾಳುಮಾಡಿದೆ ಎಂದು ಕೇಳಿದರೆ, ಬ್ಯಾಂಕು ಇನ್ನೂ ನಡೆಯುತ್ತಿದೆ.

ಅಂಗಡಿ ಒಂದು ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿತ್ತು. ಎಡಕ್ಕೆ ಝೆರಾಕ್ಸ್ ಅಂಗಡಿ, ಬಲಕ್ಕೆ ಕೋಚಿಂಗ್ ಸೆಂಟರಿಗೆ ಹೋಗುವ ಮೆಟ್ಟಿಲು. ಒಳಗೆ ಐದು ಮೇಜು, ಒಂದು ಫ್ಯಾನು, ಮೊಣಕಾಲೆತ್ತರದ ಒಂದು ಹಿತ್ತಾಳೆ ಫಿಲ್ಟರು. ಅಲ್ಲಿ ಕಾಫಿ ಬಿಟ್ಟು ಬೇರೇನೂ ಸಿಗುತ್ತಿರಲಿಲ್ಲ. ಇಡ್ಲಿ ಕೇಳಿದವರಿಗೆ ಅಂಗಡಿಯಾಕೆ ಎದುರಿನ ಟಿಫಿನ್ ಬಂಡಿಯ ಕಡೆ ಬೆರಳು ತೋರಿಸುತ್ತಿದ್ದರು. ಟೀ ಕೇಳಿದವರಿಗೆ ಬೆರಳನ್ನೂ ತೋರಿಸುತ್ತಿರಲಿಲ್ಲ.

ಆಕೆ ಅರಸೀಕೆರೆಯವರು. ಇಲ್ಲಿಯ ತೆಲುಗಿನವರನ್ನು ಮದುವೆಯಾಗಿ ಬಂದು ನಲವತ್ತು ವರ್ಷವಾಗಿತ್ತು. ಗಂಡ ತೀರಿಕೊಂಡ ಮೇಲೆ ಈ ಅಂಗಡಿ ತೆರೆದಿದ್ದರು. ನನ್ನ ಗಂಡ, ಮಗಳು ಹಾಸನದಲ್ಲಿ, ನಾನೊಬ್ಬಳು ವರ್ಗವಾಗಿ ಇಲ್ಲಿ. ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಅವರ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಮಗಳನ್ನು ಗದರುತ್ತಿದ್ದೆ. ಆಕೆ ಕೌಂಟರ್ ಬಿಟ್ಟು ಬಂದು ಎದುರಿಗೆ ನಿಂತರು.

"ಯಾವೂರಮ್ಮ ನಿಂದು?"

"ಹಾಸನ."

"ಹಂಗಾದ್ರೆ ನಮ್ಮೋಳೇ. ಮಗೀನ ಆಮೇಲೆ ಬೈಯೋವಂತೆ, ಕಾಫಿ ಆರೋಗ್ತದೆ, ಕುಡಿ."

ಅಂದಿನಿಂದ ನಾನು ಅವರನ್ನು ಅತ್ತೆ ಎಂದು ಕರೆಯತೊಡಗಿದೆ. ಅವರ ಕನ್ನಡಕ್ಕೂ ನಲವತ್ತು ವರ್ಷವಾಗಿತ್ತು. ಮದುವೆಯ ದಿನ ಟ್ರಂಕಿನಲ್ಲಿ ಇಟ್ಟುಕೊಂಡು ಬಂದದ್ದನ್ನು ಹಾಗೇ ಮಡಿಕೆ ಬಿಚ್ಚದೆ ಇಟ್ಟಿದ್ದರು. ಮಗನ ಜೊತೆ ತೆಲುಗು, ಗಿರಾಕಿಗಳ ಜೊತೆ ತೆಲುಗು, ದೇವರ ಜೊತೆ ಕೂಡ ತೆಲುಗು ಎನ್ನುತ್ತಿದ್ದರು. ಕನ್ನಡ ನನ್ನೊಬ್ಬಳ ಜೊತೆ.

ಎರಡನೆಯ ವರ್ಷ ಅವರಿಗೆ ಒಂದು ಜ್ವರ ಬಂತು. ಹತ್ತು ದಿನಕ್ಕೆ ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ರುಚಿಯನ್ನೂ ಕರೆದುಕೊಂಡು ಹೋಯಿತು. ಡಾಕ್ಟರು ತಾನಾಗಿ ಬರುತ್ತದೆ ಎಂದರಂತೆ. ಬರಲಿಲ್ಲ. ಮಗನಿಗೆ ಅವರು ಹೇಳಲಿಲ್ಲ. ಅವನು ಮೊದಲಿನಿಂದಲೂ ಈ ಫಿಲ್ಟರು ಸಾಕು, ಒಂದು ಮೆಷಿನ್ ಹಾಕೋಣ, ಗಾಜಿನ ಬಾಗಿಲು ಇಡಿಸೋಣ ಎನ್ನುತ್ತಿದ್ದ. ವಾಸನೆ ತಿಳಿಯದ ಅಮ್ಮ ಕಾಫಿ ಮಾಡುತ್ತಿದ್ದಾರೆ ಎಂದು ಗೊತ್ತಾದರೆ ಮರುದಿನವೇ ಮೆಷಿನ್ ಬಂದು ಕೂರುತ್ತಿತ್ತು. ಹೇಳಿದ್ದು ನನಗೆ.

"ನಾಳೆಯಿಂದ ಆರು ಗಂಟೆಗೆ ಬಾ. ಅಂಗಡಿ ತೆಗೆಯೋಕ್ ಮುಂಚೆ ಒಂದ್ ಲೋಟ ಕುಡಿದು ಹೆಂಗದೆ ಹೇಳು. ಸರಿಯಿಲ್ಲ ಅಂದ್ರೆ ಚೆಲ್ಲಿ ಬೇರೆ ಇಳಿಸ್ತೀನಿ."

ನಾನು ಮರುದಿನ ಹೋದೆ, ಕುಡಿದೆ, "ಚೆನ್ನಾಗಿದೆ ಅತ್ತೆ" ಎಂದೆ. ಅದರ ಮರುದಿನವೂ ಚೆನ್ನಾಗಿದೆ ಎಂದೆ. ಹೀಗೆ ಹನ್ನೊಂದು ದಿನ ಚೆನ್ನಾಗಿದೆ ಎಂದೆ. ಅದರಲ್ಲಿ ಆರು ದಿನ ಚೆನ್ನಾಗಿರಲಿಲ್ಲ. ಒಂದು ದಿನ ಚಿಕೋರಿ ಎರಡು ಸಲ ಬಿದ್ದು ಕಾಫಿ, ಮರದ ತೊಗಟೆ ನೆನೆಸಿದ ಹಾಗಿತ್ತು, ಅವತ್ತು "ತುಂಬಾ ಚೆನ್ನಾಗಿದೆ" ಎಂದೆ. ನಾನೇನು ಬೇಕೆಂದು ಸುಳ್ಳು ಹೇಳಿದವಳಲ್ಲ. ನಮ್ಮ ಕಡೆ ಹಿರಿಯರು ಕಾಫಿ ಕೊಟ್ಟು ಹೇಗಿದೆ ಎಂದು ಕೇಳಿದರೆ ಅದಕ್ಕೆ ಇರುವುದು ಒಂದೇ ಉತ್ತರ. ಹಾಲು ಒಡೆದಿದ್ದರೂ ಅದೇ, ಸಕ್ಕರೆ ಬದಲು ಉಪ್ಪು ಬಿದ್ದಿದ್ದರೂ ಅದೇ. ನಾಲಿಗೆ ತಾನೇ ಹೇಳಿಬಿಡುತ್ತದೆ, ಮನಸ್ಸನ್ನು ಕೇಳುವುದಿಲ್ಲ.

ಹನ್ನೆರಡನೆಯ ದಿನ ಬೀಚಿನಲ್ಲಿ ನಡೆದು ಬರುವ ನಿವೃತ್ತರ ಗುಂಪು ಅರ್ಧ ಲೋಟ ಬಿಟ್ಟು ಎದ್ದುಹೋಯಿತು. ವರ್ಷಗಟ್ಟಲೆ ಲೋಟದ ತಳ ಕಾಣಿಸುವಂತೆ ಕುಡಿದವರು. ಸಂಜೆ ಅತ್ತೆ ನನ್ನನ್ನು ಕೂರಿಸಿಕೊಂಡರು.

"ಉಪಚಾರದ ಮಾತಾಡೋಕೆ ನನಗೆ ಇಡೀ ಕಾಲೋನಿ ಅದೆ. ನಿನ್ನನ್ನ ಕೇಳಿದ್ದು ಯಾಕೆ?"

ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು.

"ಕಣ್ಣಿಲ್ಲದೋರಿಗೆ ಗುಂಡಿ ಇದ್ರೆ ಗುಂಡಿ ಅನ್ಬೇಕು ಕಣೆ. ದಾರಿ ಚೆನ್ನಾಗದೆ ಅನ್ನೋದು ಮರ್ಯಾದೆ ಅಲ್ಲ."

ನನಗೆ ನಾಚಿಕೆಯಾಯಿತು. ಅಂದಿನಿಂದ ನಾನು ನಿಜ ಹೇಳಲು ಕಲಿತೆ. ಸುಲಭವಾಗಿರಲಿಲ್ಲ, ಮೊದಲ ವಾರ ಗೋಡೆ ನೋಡಿಕೊಂಡು ಹೇಳುತ್ತಿದ್ದೆ. ಚಿಕೋರಿ ಹೆಚ್ಚು. ನೀರು ತೀರಾ ಕುದಿದಿದೆ. ಪುಡಿ ಥಂಡಿ ಹಿಡಿದಿದೆ. ಸಮುದ್ರದ ಊರಲ್ಲಿ ಪುಡಿ ಬೇಗ ಗಂಟು ಕಟ್ಟುತ್ತದೆ, ಡಿಕಾಕ್ಷನ್ ಸರಿಯಾಗಿ ಇಳಿಯುವುದಿಲ್ಲ. ಅಂಥ ದಿನ ಅತ್ತೆ ಬೆರಳ ಗೆಣ್ಣಿನಿಂದ ಫಿಲ್ಟರಿನ ಪಕ್ಕೆಗೆ ತಟ್ಟಿ, ಕಿವಿ ಹತ್ತಿರ ತಂದು, ಹನಿ ಬೀಳುವ ಸದ್ದು ಕೇಳುತ್ತ ನಿಲ್ಲುತ್ತಿದ್ದರು. ನಾನು "ಕಹಿ" ಎಂದರೆ ಅವರು "ಅದಕ್ಕೇ ಹನಿ ತಡೆದು ತಡೆದು ಬಿತ್ತು" ಎನ್ನುತ್ತಿದ್ದರು. ಅದು ವಯಸ್ಸಾದವರ ಒಂದು ಅಭ್ಯಾಸ ಎಂದುಕೊಂಡೆ. ಅಂಗಡಿ ನಡೆಯುತ್ತಿರುವುದು ನನ್ನ ನಾಲಿಗೆಯಿಂದ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ನಿವೃತ್ತರು ಮತ್ತೆ ಲೋಟದ ತಳ ಕಾಣಿಸುವಂತೆ ಕುಡಿಯತೊಡಗಿದರು. ಮಗನಿಗೆ ಏನೂ ಗೊತ್ತಾಗಲಿಲ್ಲ. ಹೀಗೆ ಒಂದೂವರೆ ವರ್ಷ ನಡೆದ ಮೇಲೆ ಬ್ಯಾಂಕು ನನ್ನನ್ನು ವಿಜಯವಾಡಕ್ಕೆ ಹಾಕಿತು.

ಅತ್ತೆ ಅಳುವವರಲ್ಲ. "ಬಸ್ಸು ಅದಾವಲ್ಲ" ಎಂದರು.

ಪ್ರತಿ ಶನಿವಾರ ಬೆಳಿಗ್ಗೆ ಟ್ರಾವೆಲ್ಸ್ ಬಸ್ಸಿನಲ್ಲಿ ಒಂದು ಬಾಟಲಿ ಡಿಕಾಕ್ಷನ್ ಬರತೊಡಗಿತು. ನಾನು ಮಧ್ಯಾಹ್ನ ಬೆಂಜ್ ಸರ್ಕಲ್‌ನಲ್ಲಿ ಫ್ಲೈಓವರಿನ ನೆರಳಲ್ಲಿ ಕಾದು ನಿಂತು ಅದನ್ನು ಇಳಿಸಿಕೊಳ್ಳುತ್ತಿದ್ದೆ. "ಏಂಟಿ ಮೇಡಂ ಇದಿ, ಕಷಾಯಮಾ?" ಎಂದು ಡ್ರೈವರು ಪ್ರತಿ ವಾರ ಕೇಳುತ್ತಿದ್ದ. ಮನೆಗೆ ಬಂದು ಹಾಲು ಕಾಯಿಸಿ, ಬೆರೆಸಿ, ಕುಡಿದು, ಫೋನು ಮಾಡುತ್ತಿದ್ದೆ. ಅಷ್ಟರಲ್ಲಿ ಅಲ್ಲಿ ಆ ಡಿಕಾಕ್ಷನ್ ಮುಗಿದು, ಕುಡಿದವರು ಆಫೀಸಿಗೆ ಹೋಗಿ, ಊಟ ಮಾಡಿ, ತೂಕಡಿಸುತ್ತಿರುತ್ತಿದ್ದರು. ಈ ಏರ್ಪಾಡಿನಲ್ಲಿ ಏನೋ ದೋಷವಿದೆ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಮಾತೆತ್ತಲಿಲ್ಲ. ಬಾಟಲಿ ನಿಂತರೆ ಕನ್ನಡವೂ ನಿಲ್ಲುತ್ತದೆ ಎಂದು ಅವರಿಗೆ ಅನಿಸಿರಬಹುದು. ನನಗಂತೂ ಅನಿಸಿತ್ತು.

ನಾಲ್ಕನೆಯ ತಿಂಗಳಲ್ಲಿ ಬಂದ ಒಂದು ಬಾಟಲಿ ಕಹಿಯಾಗಿತ್ತು. ಕಹಿ ಎಂದರೆ ನಾಲಿಗೆಯ ಬುಡಕ್ಕೆ ಹೋಗಿ ಕೂತುಕೊಳ್ಳುವ ಕಹಿ. ಹೇಳಿದೆ. ಅತ್ತೆ "ಹೌದಾ" ಎಂದರು. ಅಷ್ಟೇ ಹೇಳಿದರು. ಆ ಒಂದು ಮಾತು ವಾರವೆಲ್ಲ ನನ್ನ ಕಿವಿಯಲ್ಲಿ ಉಳಿಯಿತು, ನಿಜ ಹೇಳಿದ್ದಕ್ಕೆ ಮೊದಲ ಸಲ ಪಶ್ಚಾತ್ತಾಪಪಟ್ಟೆ.

ಅದೇ ವಾರ ಅಲ್ಲಿ ಹಾಲು ತಳ ಹಿಡಿದು ಅಂಗಡಿಯೆಲ್ಲ ಸೀದ ವಾಸನೆ ತುಂಬಿಕೊಂಡಿತು. ಅತ್ತೆ ಅದೇ ಒಲೆಯ ಪಕ್ಕದಲ್ಲಿ ಆರಾಮವಾಗಿ ಲೋಟ ಒರೆಸುತ್ತ ನಿಂತಿದ್ದರು. ಮಗ ಒಳಗೆ ಬಂದವನು ಅವರನ್ನೂ ಪಾತ್ರೆಯನ್ನೂ ನೋಡಿದ. ಅಲ್ಲಿಗೆ ಗುಟ್ಟು ರಟ್ಟಾಯಿತು.

ಅವನು ಕೆಟ್ಟವನಲ್ಲ. ಜಗಳವಾಡಲಿಲ್ಲ. ಡೀಲರೊಬ್ಬರಿಂದ ಒಂದು ವಾರದ ಮಟ್ಟಿಗೆ ಮೆಷಿನ್ ತರಿಸಿ ಕೌಂಟರಿನ ಮೇಲೆ ಇಟ್ಟ. ಬೇಡವಾದರೆ ವಾಪಸ್ ಕೊಡಬಹುದು ಎಂದ. ಅತ್ತೆ ಬೇಡ ಎಂದರು. ಅವನು ಬೇಕು ಎಂದ. ಕೊನೆಗೆ ನನಗೆ ಫೋನು ಮಾಡಿದ. ಅವನ ಕನ್ನಡ ಅರ್ಧ ದಾರಿಯಲ್ಲಿ ತೆಲುಗಿಗೆ ಇಳಿದುಬಿಡುತ್ತದೆ.

"ಆಂಟೀ, ಅಮ್ಮಂಗೆ ವಾಸನೆ ರಾದು, ಗೊತ್ತಾಗಲ್ಲ ಅಂತ ನಂಗೆ ಈಗ ತೆಲಿಸಿಂದಿ. ಇಷ್ಟು ದಿನ ನೀವೇ ಟೇಸ್ಟ್ ಮಾಡ್ತಿದ್ರಂತೆ. ಹಾಗಾದ್ರೆ ಇದೂ ನೀವೇ ಹೇಳಿ. ಎರಡು ಬಾಟಲ್ ಕಳಿಸ್ತೀನಿ. ಒಂದು ಅಮ್ಮಂದು, ಒಂದು ಮೆಷಿನ್‌ದು. ಒಂದೇ ಪೌಡರ್. ಯಾವುದು ಯಾರದು ಅಂತ ಹೇಳಲ್ಲ. ನೀವು ಯಾವುದು ಬಾಗುಂದಿ, ಚೆನ್ನಾಗಿದೆ ಅಂತೀರೋ ಅದೇ ಇರ್ಲಿ."

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ಉಪಚಾರ ಬೇಡ ಕಣೆ."

ಶನಿವಾರ ಎರಡು ಬಾಟಲಿ ಬಂದವು. ಮೇಲೆ ಬ್ಯಾಂಡೇಜ್ ಪಟ್ಟಿ ಅಂಟಿಸಿ ಒಂದು, ಎರಡು ಎಂದು ಬರೆದಿತ್ತು. ಡ್ರೈವರು ಎರಡನ್ನೂ ನೋಡಿ ಈ ಸಲ ಏನೂ ಕೇಳಲಿಲ್ಲ, ನನಗೆ ಕಾಯಿಲೆ ಹೆಚ್ಚಾಗಿದೆ ಎಂದುಕೊಂಡಿರಬೇಕು.

ಒಂದೇ ಪಾತ್ರೆಯಲ್ಲಿ ಹಾಲು ಕಾಯಿಸಿ, ಒಂದೇ ಬಗೆಯ ಎರಡು ಲೋಟದಲ್ಲಿ ಬೆರೆಸಿದೆ. ಒಂದನೆಯದನ್ನು ಕುಡಿದೆ. ಕಹಿ. ಹಿಂದಿನ ವಾರದ ಅದೇ ಕಹಿ, ನಾಲಿಗೆಯ ಬುಡದಲ್ಲಿ. ಬಾಯಿ ತೊಳೆದು ಎರಡನೆಯದನ್ನು ಕುಡಿದೆ. ಕುಡಿದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಷ್ಟು ಒಳ್ಳೆಯ ಕಾಫಿಯನ್ನು ನಾನು ಆ ಅಂಗಡಿಯಲ್ಲಿ ಜ್ವರಕ್ಕೆ ಮುಂಚೆ ಕುಡಿದಿದ್ದೆ, ಆಮೇಲೆ ಕುಡಿದಿರಲಿಲ್ಲ. ಮಂದವಾಗಿ, ಹದವಾಗಿ, ಕುಡಿದ ಮೇಲೂ ಬಾಯಿ ಬಿಟ್ಟು ಹೋಗದ ಕಾಫಿ.

ಲೆಕ್ಕ ಸುಲಭವಾಗಿತ್ತು. ಅರವತ್ತೈದು ದಾಟಿದ, ವಾಸನೆ ತಿಳಿಯದ, ಹೇಳುವವರಿಲ್ಲದ ಹೆಂಗಸು ಮಾಡಿದ್ದು ಒಂದನೆಯದು. ಸ್ವಿಚ್ಚು ಒತ್ತಿದರೆ ಪ್ರತಿ ಸಲವೂ ಒಂದೇ ಹದಕ್ಕೆ ಇಳಿಸುವ ಯಂತ್ರ ಮಾಡಿದ್ದು ಎರಡನೆಯದು. ನಾನಿಲ್ಲದೆ ಅತ್ತೆ ಇಂಥ ಕಾಫಿ ಮಾಡಲು ಸಾಧ್ಯವೇ? ಈ ಪ್ರಶ್ನೆಯನ್ನು ನಾನು ಕೇಳಿಕೊಳ್ಳಲೂ ಇಲ್ಲ. ಹಿಂದಿನ ವಾರದ "ಹೌದಾ" ಮತ್ತೆ ಕೇಳಿಸಿತು. ಆ ಮೆಷಿನ್ ವಾಪಸ್ ಹೋಗಬೇಕು, ಅತ್ತೆ ತಮ್ಮ ಫಿಲ್ಟರಿನ ಪಕ್ಕದಲ್ಲೇ ನಿಂತಿರಬೇಕು. ನಿಜವನ್ನು ವಾರವಾರ ಹೇಳಿದವಳು ಒಂದು ಸಲ ಸುಳ್ಳು ಹೇಳಿದರೆ ಏನಾದೀತು ಎಂದುಕೊಂಡೆ.

ಫೋನು ಮಾಡಿದೆ. ಮಗ ಸ್ಪೀಕರಿಗೆ ಹಾಕಿದ.

"ಒಂದನೇದು" ಎಂದೆ. ನಂಬಿಕೆ ಬರಲಿ ಎಂದು ಇನ್ನೂ ಸೇರಿಸಿದೆ. "ಎರಡನೇದು ಅದರ ಹತ್ತಿರಕ್ಕೂ ಬರಲ್ಲ."

ಆ ಕಡೆಯಿಂದ ಕೋಚಿಂಗ್ ಸೆಂಟರಿನ ಗಂಟೆ ಹೊಡೆದದ್ದು ಕೇಳಿಸಿತು. ಆಮೇಲೆ ಮಗ ಮೆಲ್ಲಗೆ "ಥ್ಯಾಂಕ್ಸ್ ಆಂಟೀ" ಎಂದ. ಗೆದ್ದವನ ದನಿ ಅದಾಗಿರಲಿಲ್ಲ, ಆದರೆ ಅವನೇ ಗೆದ್ದಿದ್ದ.

"ಒಂದನೇದು ಮೆಷಿನ್ನಿಂದು ಕಣೆ" ಎಂದರು ಅತ್ತೆ. "ಇವನಿಗಿನ್ನೂ ಅದನ್ನ ನಡೆಸೋಕೆ ಬರಲ್ಲ. ಆದ್ರೂ ನನ್ನದಕ್ಕಿಂತ ಚೆನ್ನಾಗದೆ ಅಂದ್ರೆ, ಇನ್ನು ನಾನು ನಿಲ್ಲಿಸಬೇಕು."

"ಅತ್ತೆ, ಎರಡನೇದೇ ಚೆನ್ನಾಗಿತ್ತು" ಎಂದೆ. "ನಿಜವಾಗ್ಲೂ. ಒಂದನೇದು ಕಹಿ. ಅದು ನಿಮ್ಮದು ಅಂದ್ಕೊಂಡೆ, ಅದಕ್ಕೇ ಹಾಗಂದೆ."

"ಸರಿ."

"ಆಣೆ ಮಾಡ್ತೀನಿ ಅತ್ತೆ. ನೀವು ಅಷ್ಟು ಚೆನ್ನಾಗಿ ಮಾಡಿದ್ರಿ."

"ಈಗ ಬೇರೆ ಏನಂತೀಯ ನೀನು? ಉಪಚಾರ ಬೇಡ ಅಂದಿದ್ದೆ."

ನಾನು ಹೇಳಿದ್ದು ಅಪ್ಪಟ ನಿಜ. ಅದು ಹನ್ನೊಂದು ದಿನದ ಆ ಹಳೆಯ ಸುಳ್ಳಿನ ಹಾಗೆಯೇ ಕೇಳಿಸುತ್ತಿತ್ತು. ನನಗೇ ಹಾಗೆ ಕೇಳಿಸಿತು. ಅವರ ನಾಲಿಗೆ ಹೋಗಿದ್ದಾಗ ಅವರು ನನ್ನ ನಾಲಿಗೆಯನ್ನು ನಂಬಿದ್ದರು. ನಾನು ಅವರ ಕೈಯನ್ನು ನಂಬಲಿಲ್ಲ.

ಈಚೆಗೆ ಬ್ಯಾಂಕಿನ ಕೆಲಸದ ಮೇಲೆ ವಿಶಾಖಪಟ್ಟಣಕ್ಕೆ ಹೋಗಿದ್ದೆ. ಅಂಗಡಿಗೆ ಗಾಜಿನ ಬಾಗಿಲು ಬಂದಿದೆ, ಏಸಿ ಬಂದಿದೆ, ಮೇಜು ಐದಿದ್ದದ್ದು ಒಂಬತ್ತಾಗಿದೆ. ಮಗನ ಕೈ ಪಳಗಿದೆ, ಈಗ ಕಹಿ ಇರುವುದಿಲ್ಲ. ಮುಂದಿನ ತಿಂಗಳು ಝೆರಾಕ್ಸ್ ಅಂಗಡಿಯನ್ನೂ ಸೇರಿಸಿಕೊಂಡು ದೊಡ್ಡದು ಮಾಡುತ್ತಾನಂತೆ. ಹಿತ್ತಾಳೆ ಫಿಲ್ಟರನ್ನು ಚೆನ್ನಾಗಿ ಉಜ್ಜಿಸಿ, ಬಾಗಿಲ ಹತ್ತಿರ ಜನರಿಗೆ ಕಾಣುವಂತೆ ಇಟ್ಟಿದ್ದಾನೆ. ಕೋಚಿಂಗ್ ಸೆಂಟರಿನವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಅತ್ತೆ ಅದೇ ಕಟ್ಟಡದ ಮೂರನೆಯ ಮಹಡಿಯ ತಮ್ಮ ಮನೆಯಲ್ಲಿದ್ದರು. ನನ್ನನ್ನು ಅಡುಗೆಮನೆಯಲ್ಲೇ ಕೂರಿಸಿ, ಇಬ್ಬರಿಗಾಗುವ ಸಣ್ಣ ಫಿಲ್ಟರು ತೆಗೆದರು. ಪುಡಿ ಹಾಕಿದರು, ನೀರು ಸುರಿದರು, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಯ ಹತ್ತಿರ ತಂದರು. ಕೇಳುತ್ತ ನಿಂತವರು ನಾನು ಅಲ್ಲಿರುವುದನ್ನೇ ಮರೆತಂತಿದ್ದರು. ಆಮೇಲೆ ಹಾಲು ಬೆರೆಸಿ ಲೋಟವನ್ನು ನನ್ನ ಕೈಗೆ ಕೊಟ್ಟರು.

ಎರಡನೆಯ ಬಾಟಲಿಯದೇ ಕಾಫಿ. ಅಷ್ಟೇ ಮಂದ, ಅಷ್ಟೇ ಹದ.

ಅವರು ಕೇಳುತ್ತಾರೆ ಎಂದು ಕಾದೆ. ಕೊನೆಯ ಗುಟುಕಿನವರೆಗೂ ಕಾದೆ. ಅವರು ನನ್ನ ಮಗಳ ಓದಿನ ಬಗ್ಗೆ ಕೇಳಿದರು, ವಿಜಯವಾಡದ ಸೆಕೆಯ ಬಗ್ಗೆ ಕೇಳಿದರು.

"ಕಾಫಿ ಚೆನ್ನಾಗಿದೆ ಅತ್ತೆ" ಎಂದೆ.

"ಲೋಟ ಅಲ್ಲೇ ಸಿಂಕಲ್ಲಿ ಇಡು" ಎಂದರು.