ಭಾವ ಕ್ಷಮಿಸಿದ ಮನುಷ್ಯ

ನನ್ನ ಭಾವ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನನಗೆ ಮನಸ್ಸು ಬರಲಿಕ್ಕಿಲ್ಲ.

ಮುಖ್ಯರಸ್ತೆಯ ತಿರುವಿನಲ್ಲಿ ಅವರದು ಗಾಜಿನ ಅಂಗಡಿ. ಕಿಟಕಿಗಳಿಗೆ ಗಾಜು ಕತ್ತರಿಸಿ ಕೊಡುವುದು, ಕನ್ನಡಿಗೆ ಚೌಕಟ್ಟು ಹಾಕುವುದು ಅವರ ಕಸುಬು. ಭಕ್ತಿಯೂ ಹಾಗೆಯೇ, ಹೊರಗಿನಿಂದ ಎಲ್ಲರಿಗೂ ಕಾಣಬೇಕು. ಅಂಗಡಿ ತೆರೆದ ಕೂಡಲೇ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ, ರಸ್ತೆಗೆಲ್ಲ ಕೇಳುವಂತೆ ಪ್ರಾರ್ಥನೆ. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ. ಪಾಪ, ನೆಗಡಿಯಾದವರು ಮುಂದಿನ ನಿಲ್ದಾಣದಲ್ಲೇ ಇಳಿದುಬಿಡುತ್ತಿದ್ದರು. ಆದರೆ ಕಪಟ ಎಂಬುದು ಅವರ ಹತ್ತಿರವೂ ಸುಳಿದಿರಲಿಲ್ಲ. ಎದುರು ಕಟ್ಟಡದ ಕಾವಲುಗಾರ ಹಾಸಿಗೆ ಹಿಡಿದಾಗ ಹೇಲು ಉಚ್ಚೆ ಎನ್ನದೆ ಬಳಿದವರು ಭಾವನೇ. ಯೇಸು ಹೇಳಿದ್ದನ್ನು ಜನ ಓದಿದರೆ ಸಾಲದು, ಯಾರಾದರೂ ಮಾಡುವುದನ್ನು ಕಣ್ಣಾರೆ ನೋಡಬೇಕು ಎನ್ನುತ್ತಿದ್ದರು. ಅಕ್ಕ ಅದನ್ನು ಕೇಳಿ ನಗುತ್ತಿದ್ದಳು. ಆಗಿನ್ನೂ ಅವಳು ನಗುತ್ತಿದ್ದಳು.

ಅವರಿಗೆ ಒಬ್ಬಳೇ ಮಗಳು, ಪುಟ್ಟಿ. ಶಾಲೆ ಬಿಟ್ಟವಳು ಅಪ್ಪನ ಅಂಗಡಿಗೆ ಓಡಿ ಬರುತ್ತಿದ್ದಾಗ ಹಾಲಿನ ವ್ಯಾನಿನ ಡ್ರೈವರ್ ಹಿಂದೆ ನೋಡದೆ ಗಾಡಿ ಹಿಂದಕ್ಕೆ ತೆಗೆದ. ಅಂಗಡಿಯ ಮುಂದೆಯೇ. ಅದರ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಬರೆಯಲಾರೆ.

ಮಣ್ಣು ಮಾಡುವ ದಿನ ಆ ಡ್ರೈವರ್ ಸ್ಮಶಾನದ ಗೇಟಿನ ಹೊರಗೆ ತಲೆ ತಗ್ಗಿಸಿಕೊಂಡು ನಿಂತಿದ್ದ. ಭಾವ ಅವನನ್ನು ಕೈಹಿಡಿದು ಒಳಗೆ ಕರೆತಂದರು. ಗುಂಡಿಯ ಪಕ್ಕದಲ್ಲಿ, ಎಲ್ಲರೆದುರು ಅಪ್ಪಿಕೊಂಡು, "ಯೇಸುವಿನ ಹೆಸರಲ್ಲಿ ನಾವು ನಿನ್ನ ಕ್ಷಮಿಸಿದ್ದೀವಿ" ಎಂದರು. ಅಕ್ಕನ ಮುಷ್ಟಿಯಲ್ಲಿ ಮಣ್ಣು ಹಾಗೇ ಇತ್ತು, ಇನ್ನೂ ಹಾಕಿರಲಿಲ್ಲ. ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಚರ್ಚಿನ ಸಭೆಯವರು ಬಿಕ್ಕಿ ಬಿಕ್ಕಿ ಅತ್ತರು. ಮಗುವಿಗಾಗಿ ಅತ್ತದ್ದಕ್ಕಿಂತ ಆ ಅಪ್ಪುಗೆಗೇ ಹೆಚ್ಚು ಅತ್ತರು ಎಂದರೆ ನನ್ನನ್ನು ಕೆಟ್ಟ ಹೆಂಗಸು ಅಂದುಕೊಳ್ಳಿ, ಪರವಾಗಿಲ್ಲ.

ಅಲ್ಲಿಂದ ಶುರುವಾಯಿತು. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಭಾವ ಅವನನ್ನು ಊಟಕ್ಕೆ ಮನೆಗೆ ಕರೆತರುತ್ತಿದ್ದರು. ಮೇಜಿಗೆ ಇದ್ದದ್ದು ಮೂರೇ ಕುರ್ಚಿ, ಹಾಗಾಗಿ ಅವನು ಕೂರುತ್ತಿದ್ದದ್ದು ಪುಟ್ಟಿಯ ಕುರ್ಚಿಯಲ್ಲಿ. ಅಕ್ಕ ಬಡಿಸಿ ಒಳಗೆ ಹೋಗುತ್ತಿದ್ದಳು. ಬೇರೆ ಬೇರೆ ಸಭೆಗಳಿಗೂ ಭಾವ ಅವನನ್ನು ಕರೆದೊಯ್ದು, ದೇವರು ತಮ್ಮಿಂದ ಮಾಡಿಸಿದ್ದಕ್ಕೆ ಸಾಕ್ಷಿ ಹೇಳುವಾಗ ಎಬ್ಬಿಸಿ ನಿಲ್ಲಿಸುತ್ತಿದ್ದರು. ಜನ ಕತ್ತು ಚಾಚಿ ಮಗು ಕೊಂದವನನ್ನು ನೋಡುತ್ತಿದ್ದರು. ಲೈಸೆನ್ಸೂ ಕೆಲಸವೂ ಹೋಗಿ ಮೊದಲೇ ಸೊರಗಿದ್ದವನು ಇನ್ನಷ್ಟು ಕುಗ್ಗಿಹೋದ.

ಭಾವನಿಗೆ ಉಳಿದಿದ್ದ ಕೊರಗು ಒಂದೇ. ಅಕ್ಕ ಬಾಯಿ ಬಿಟ್ಟು ಕ್ಷಮಿಸಿದೆ ಎಂದಿರಲಿಲ್ಲ. ಪಾಸ್ಟರ ಹೆಂಡತಿ ಬಂದು, ಮನಸ್ಸಿನಲ್ಲಿ ಕಹಿ ಇಟ್ಟುಕೊಳ್ಳುವುದೂ ಪಾಪವೇ ಎಂದು ಮಧ್ಯಾಹ್ನವಿಡೀ ತಿಳಿಹೇಳಿದರು. ಅಕ್ಕ ಟೀ ಕೊಟ್ಟು ಸಾಗಹಾಕಿದಳು. ಭಾವ ಅವಳ ಮುಂದೆ ಮಂಡಿಯೂರಿ, ನಿನ್ನ ನೆಮ್ಮದಿಗಾಗಿಯೇ ಹೇಳುತ್ತಿದ್ದೇನೆ ಎಂದು ಅತ್ತರು. ಅಕ್ಕ ಹಲ್ಲು ಕಚ್ಚಿಕೊಂಡಿದ್ದಳು. ಮಗಳದು ಅಂತ ಅವಳಿಗೆ ಉಳಿದದ್ದು ಆ ಕೋಪ ಒಂದೇ. ಅದನ್ನೂ ಕಿತ್ತುಕೊಳ್ಳಲು ಇಡೀ ಸಭೆಯೇ ಟೊಂಕ ಕಟ್ಟಿ ನಿಂತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗೇ ಒಂದು ಭಾನುವಾರ ನಾನು ಅಕ್ಕನ ಜೊತೆ ಅಡುಗೆಮನೆಯಲ್ಲಿದ್ದೆ. ಭಾವ ಫೋನ್ ಬಂತೆಂದು ಹೊರಗೆ ಹೋದರು. ಡ್ರೈವರ್ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದ. ದೂರದ ಊರಿನಲ್ಲಿ ಅವನ ಚಿಕ್ಕಪ್ಪನ ಮಗ ಗೋದಾಮಿನಲ್ಲಿ ಕೆಲಸ ಹುಡುಕಿದ್ದನಂತೆ, ಈ ವಾರವೇ ಹೊರಡುತ್ತಾನಂತೆ, ಭಾವನಿಗೆ ಇನ್ನೂ ಹೇಳಿಲ್ಲವಂತೆ. ಇಷ್ಟು ಹೇಳಿ ಅಕ್ಕನ ಕಡೆ ತಿರುಗಿದ.

"ಅಕ್ಕಾ, ಹೋಗೋಕೆ ಮುಂಚೆ ಒಂದ್ಸಲ ಬೈದುಬಿಡಿ. ಬೇಕಾದ್ರೆ ಹೊಡೀರಿ. ಅಣ್ಣ ತೋರ್ಸೋ ಪ್ರೀತಿ ನನ್ ಕೈಲಿ ತಡ್ಕೊಳ್ಳೋಕಾಗ್ತಿಲ್ಲ."

ನನಗೇ ಅಯ್ಯೋ ಅನ್ನಿಸಿತು. ಬೈದುಬಿಡೇ, ಇಬ್ಬರಿಗೂ ಬಿಡುಗಡೆಯಾಗಲಿ ಎಂದು ಒಳಗೊಳಗೇ ಹೇಳಿಕೊಂಡೆ. ಅಕ್ಕ ಒಲೆ ಆರಿಸಿ, ಕೈ ಒರೆಸಿಕೊಂಡು, ಅವನನ್ನು ಮೊದಲ ಸಲ ನೆಟ್ಟಗೆ ನೋಡಿದಳು. ಬೈಯಲಿಲ್ಲ. ಭಾವ ಒಳಗೆ ಬರುವವರೆಗೂ ಕಾದಳು.

"ರೀ, ಇವನು ಊರು ಬಿಟ್ಟು ಹೋಗ್ತಾನಂತೆ. ಕಳಿಸ್ಬೇಡಿ. ನಿಮ್ಮ ಅಂಗಡೀಲೇ ಕೆಲಸ ಕೊಡಿ. ಮನೆ ಮಗನ ಹಾಗೆ ದಿನಾ ಕಣ್ಣೆದುರಿಗೇ ಇರ್ಲಿ."

ಭಾವ ಅಲ್ಲೇ ಕುಸಿದು ಕೂತರು. ಪಕ್ಕದ ಮನೆಯವರು ಇಣುಕಿ ನೋಡುವಷ್ಟು ಗಟ್ಟಿಯಾಗಿ ದೇವರಿಗೆ ಸ್ತೋತ್ರ ಹೇಳಿದರು. ಹೆಂಡತಿಯ ಮನಸ್ಸು ಕರಗಿತು ಎಂದು ಅವರು ನಂಬಿದರು. ಡ್ರೈವರ್ ನಂಬಲಿಲ್ಲ. ಅವನ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದೆ. ಭಾವ ಅವನ ಎರಡೂ ಕೈ ಹಿಡಿದು, ಬೇಡ ಅನ್ನಬೇಡ ಎಂದು ಅಂಗಲಾಚಿದರು. ಯಾರ ಮಗುವನ್ನು ಕೊಂದನೋ ಅವರೇ ಹೀಗೆ ಬೇಡಿಕೊಂಡರೆ ಯಾವ ಬಾಯಲ್ಲಿ ಆಗುವುದಿಲ್ಲ ಎನ್ನುತ್ತಾನೆ? ಅವನು ಉಳಿದ.

ಈಗ ಅವನು ಅಂಗಡಿಯಲ್ಲಿ ಗಾಜು ಒರೆಸುತ್ತಾನೆ. ತಲೆಯೆತ್ತಿದರೆ ರಸ್ತೆಯಲ್ಲಿ ಅದೇ ಜಾಗ. ಶಾಲೆ ಬಿಡುವ ಹೊತ್ತಿಗೆ ಏನಾದರೂ ಒಡೆಯುತ್ತಾನೆ, ಭಾವ ಗದರುವುದಿಲ್ಲ, ಕೂಡಲೇ ಕ್ಷಮಿಸುತ್ತಾರೆ. ಅದೇ ಹೊತ್ತಿಗೆ ಅಕ್ಕ ಫ್ಲಾಸ್ಕಿನಲ್ಲಿ ಟೀ ತಂದು, ಅವನ ಪಕ್ಕದಲ್ಲೇ ಕೂತು, ಮಕ್ಕಳೆಲ್ಲ ಮನೆ ಸೇರುವವರೆಗೂ ಅವನ ಜೊತೆ ರಸ್ತೆ ನೋಡುತ್ತಾಳೆ. ಪಾಸ್ಟರು ಪ್ರಸಂಗದಲ್ಲಿ ಅವಳ ಉದಾಹರಣೆ ಕೊಡುತ್ತಾರೆ. ತಾಯಂದಿರು ಅವಳ ಕೈ ಮುಟ್ಟಿ ಹೋಗುತ್ತಾರೆ.

ಮೊನ್ನೆ ಅವಳು ಅಂಗಡಿಗೆ ಹೊರಡುವ ತಯಾರಿಯಲ್ಲಿದ್ದಾಗ ನಾನು ತಡೆಯಲಾರದೆ, "ಸಾಕು ಬಿಡೇ ಅಕ್ಕ, ಹೀಗೇ ಆದ್ರೆ ಅವನು ಸತ್ತೇ ಹೋಗ್ತಾನೆ" ಎಂದೆ.

"ಸಾಯೋಕೆ ನಿಮ್ಮ ಭಾವ ಬಿಡಲ್ಲ" ಎಂದಳು. ಆಮೇಲೆ ಫ್ಲಾಸ್ಕಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು. ಅವನಿಗೆ ಸಿಹಿ ಜಾಸ್ತಿ ಇರಬೇಕಂತೆ.