ಕಿವಿಮೇಸ್ತ್ರಿಯ ಕಣ್ಣು

ಕೋವಿ ರಿಪೇರಿಗೆ ಬಂದ ಗಿರಾಕಿ ಏನಾಗಿದೆಯೆಂದು ಹೇಳಲು ಬಾಯಿ ತೆರೆದರೆ ಸಾಕು, ಮೇಸ್ತ್ರಿ ಕೈಯೆತ್ತಿ ಅವನನ್ನು ಸುಮ್ಮನಾಗಿಸುತ್ತಿದ್ದರು. ಕೋವಿ ಖಾಲಿಯಿದೆಯೇ ಎಂದು ಎರಡೆರಡು ಸಲ ನೋಡಿ, ಕಿವಿಯ ಹತ್ತಿರ ಹಿಡಿದು, ಮೆಲ್ಲಗೆ ಟ್ರಿಗರ್ ಎಳೆದು, ಕಣ್ಣು ಮುಚ್ಚಿಕೊಂಡು ಆ ಸದ್ದು ಕೇಳುತ್ತಿದ್ದರು. ಆಮೇಲೆ, "ಸ್ಪ್ರಿಂಗಿಗೆ ಸುಸ್ತಾಗಿದೆ. ಗುರುವಾರ ಬನ್ನಿ" ಎನ್ನುತ್ತಿದ್ದರು. ಊರಿನವರು ಅವರಿಗೆ ಕಿವಿಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಅರ್ಧ ಜನ ತಮಾಷೆಗೆ ಹಾಗೆ ಕರೆದರೆ ಇನ್ನರ್ಧ ಜನ ಹೆದರಿಕೆಗೆ ಕರೆಯುತ್ತಿದ್ದರು. ಒದ್ದೆಯಾದ ಕೋವಿಯನ್ನು ಒರೆಸದೆ ಮೂಲೆಗಿಟ್ಟ ಸೋಮಾರಿಯ ಕತೆ ಆ ಕಿವಿಗೆ ಗೊತ್ತಾಗಿಬಿಡುತ್ತಿತ್ತು, ಗೊತ್ತಾದ ಮೇಲೆ ಮಂಗಳಾರತಿ ತಪ್ಪುತ್ತಿರಲಿಲ್ಲ.

ಮಗಳಿಗೆ ಇದೆಲ್ಲ ಈಗಲೂ ನಿನ್ನೆ ಮೊನ್ನೆ ನಡೆದ ಹಾಗಿದೆ. ಈ ಕತೆಯ ಹೊತ್ತಿಗೆ ಅಪ್ಪನಿಗಿದ್ದ ಅರವತ್ತನಾಲ್ಕು ವರ್ಷ ಈಗ ಅವಳಿಗೇ ಆಗಿದೆ. ಉದ್ದನೆಯ ಇಕ್ಕಟ್ಟು ಅಂಗಡಿ, ಬೀದಿಯ ಕಡೆಗೊಂದು ಕಿಟಕಿ, ಕಿಟಕಿಯ ಕೆಳಗೆ ಎಣ್ಣೆ ಕುಡಿದು ಕಪ್ಪಾದ ಮರದ ಮೇಜು, ಗೋಡೆಯ ಮೊಳೆಗಳಲ್ಲಿ ದೊಡ್ಡದರಿಂದ ಚಿಕ್ಕದರವರೆಗೆ ತೂಗುವ ಅರಗಳು. ಶಾಲೆ ಬಿಟ್ಟೊಡನೆ ಅವಳು ಓಡಿಬಂದು, ಅಪ್ಪ ಅರದಿಂದ ಉಜ್ಜಿ ಬೀಳಿಸಿದ ಕಬ್ಬಿಣದ ಪುಡಿಯನ್ನು ಆಯಸ್ಕಾಂತ ಹಿಡಿದು ಗುಡಿಸುತ್ತಿದ್ದಳು. ಅಮ್ಮ ಬೇಗ ತೀರಿಕೊಂಡಿದ್ದರಿಂದ ಅಂಗಡಿಯೇ ಅವಳಿಗೆ ಮನೆಯಾಗಿತ್ತು. ಅಕ್ಕ ಮದುವೆಯಾಗಿ ಬೇರೆ ಊರಿಗೆ ಹೋದಳು. ಇವಳು ಮದುವೆಯ ಮಾತೆತ್ತಿದವರಿಗೆಲ್ಲ "ನೋಡೋಣ" ಅನ್ನುತ್ತ ಅರ ಹಿಡಿಯುವುದನ್ನು ಕಲಿತಳು.

"ಕಣ್ಣು ಮೋಸ ಮಾಡುತ್ತೆ ಮಗಾ. ಹೆಬ್ಬೆರಳಿನ ಉಗುರು ಮೋಸ ಮಾಡಲ್ಲ. ಅಂಚಿನ ಮೇಲೆ ಎಳೆದು ನೋಡು" ಎಂದು ಕಲಿಸಿದ್ದು ಅಪ್ಪನೇ. ಅವಳ ಉಗುರು ಎಷ್ಟು ಪಳಗಿತೆಂದರೆ, ಕೂದಲೆಳೆಯಷ್ಟು ಓರೆಯಿದ್ದರೂ ಅದಕ್ಕೆ ತಡೆದಂತಾಗುತ್ತಿತ್ತು.

ಆ ಉಗುರಿಗೇ ಒಂದು ದಿನ ಅಪ್ಪನ ತಪ್ಪು ಸಿಕ್ಕಿಬಿದ್ದಿತು. ಒಂದು ಸ್ಕ್ರೂವಿನ ಸೀಳು ಸೊಟ್ಟಗಿತ್ತು. ಕೈ ನಡುಗಿರಬೇಕು ಅಂದುಕೊಂಡಳು. ಅದೇ ವಾರ ಅಪ್ಪ ಟೀ ಲೋಟಕ್ಕೆ ಕೈ ಚಾಚಿದಾಗ ಲೋಟ ಗೇಣು ದೂರದಲ್ಲಿತ್ತು. ಅಪ್ಪ ಏನೂ ಆಗದವರ ಹಾಗೆ ಮೇಜನ್ನು ಸವರಿ ಲೋಟ ಹುಡುಕಿಕೊಂಡರು.

ಅಂದೇ ಹೇಳಿದ್ದರೆ ಏನಾಗುತ್ತಿತ್ತು? ಡಾಕ್ಟರು ಕಣ್ಣಿನ ಪೊರೆ ತೆಗೆಯುತ್ತಿದ್ದರು, ಅಷ್ಟೇ. ಇಂದಿಗೂ ಅವಳು ತನ್ನನ್ನು ತಾನು ಬೈದುಕೊಳ್ಳುವುದು ಈ ಒಂದು ಮಾತಿಗೆ. ಆದರೆ "ನನ್ನ ಕೈಯಿಂದ ಹೊರಟ ಕೆಲಸ ಇವತ್ತಿನವರೆಗೂ ವಾಪಸ್ ಬಂದಿಲ್ಲ" ಎಂದು ದಿನಕ್ಕೆ ಮೂರು ಸಲ ಹೇಳುವ ಮನುಷ್ಯನಿಗೆ ಅದನ್ನು ಹೇಳುವ ಗಂಡೆದೆ ಅವಳಿಗಿರಲಿಲ್ಲ. ಅವಳು ಬೇರೆ ದಾರಿ ಹಿಡಿದಳು. ಅಪ್ಪ ಕೆಲಸ ಮುಗಿಸಿ ಕೈ ತೊಳೆಯಲು ಹಿಂದಿನ ನಲ್ಲಿಗೆ ಹೋದಾಗ, ಉಗುರೆಳೆದು ನೋಡಿ, ಓರೆಯಿದ್ದಲ್ಲಿ ಎರಡು ಸಲ ಅರ ಆಡಿಸಿ, ಇದ್ದಲ್ಲೇ ಇಡುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು. ಒಂದು ಕೆಲಸವೂ ವಾಪಸ್ ಬರಲಿಲ್ಲ. ಅಪ್ಪ ಮೀಸೆ ತಿರುವುತ್ತ ಹಾಯಾಗಿದ್ದರು.

ಅಷ್ಟರಲ್ಲಿ ಅಕ್ಕನ ಹೆರಿಗೆಯಾಯಿತು. ಇವಳು ಎಂಟು ದಿನ ಹೋಗಿ ಬಂದಳು. ಆ ಎಂಟು ದಿನಗಳಲ್ಲಿ ಗುರಿಗಾರರ ಕ್ಲಬ್ಬಿನ ಹಳೆಯ ರೈಫಲ್ಲೊಂದು ರಿಪೇರಿಗೆ ಬಂದು, ರಿಪೇರಿಯಾಗಿ, ಅಂಗಡಿಯ ಮುದ್ರೆ ಹಾಕಿಸಿಕೊಂಡು ಹೋಗಿತ್ತು. ಒಂದು ಸಲ ಟ್ರಿಗರ್ ಎಳೆದರೆ ಒಂದೇ ಗುಂಡು ಹಾರುವ ರೈಫಲ್ಲು ಅದು. ಮುಂದಿನ ಭಾನುವಾರ ಕ್ಲಬ್ಬಿನ ಮೈದಾನದಲ್ಲಿ ಒಂದು ಎಳೆತಕ್ಕೆ ಮೂರು ಗುಂಡು ಹಾರಿದವು. ಯಾರಿಗೂ ಏಟಾಗಲಿಲ್ಲ. ಆದರೆ ಅಲ್ಲೇ ಪೊಲೀಸ್ ಅಧಿಕಾರಿಯೊಬ್ಬರು ಅತಿಥಿಯಾಗಿ ಕೂತಿದ್ದರು.

ಕಾನೂನು ಕಡ್ಡಿ ತುಂಡು ಮಾಡಿದ ಹಾಗಿತ್ತು: ಒಂದು ಎಳೆತಕ್ಕೆ ಒಂದಕ್ಕಿಂತ ಹೆಚ್ಚು ಗುಂಡು ಹಾರಿಸುವ ಕೋವಿಯನ್ನು ಬೇಕೆಂದೇ ಮಾಡಿದವನಿಗೆ ಹತ್ತು ವರ್ಷ. ಒಂದು ಗುಂಡಿನ ಹಿಂದೆ ಇನ್ನೊಂದು ತಾನಾಗಿ ಹಾರದಂತೆ ತಡೆಯುವ, ಬೆರಳುಗುರಿನಷ್ಟು ಚಿಕ್ಕ ಕೊಕ್ಕೆಯ ಮೇಲೆ ಹೊಸ ಅರದ ಗುರುತುಗಳಿದ್ದವು. ಪೊಲೀಸರು ಅಂಗಡಿಗೆ ಬೀಗಮುದ್ರೆ ಹಾಕಿದರು. ಮೇಸ್ತ್ರಿ ಜಾಮೀನಿನ ಮೇಲೆ ಮನೆಗೆ ಬಂದರು. ದಿನಾ ಬೆಳಿಗ್ಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಮೊನ್ನೆ ಮೊನ್ನೆಯವರೆಗೆ ಕೋವಿ ತಂದು ನಮಸ್ಕಾರ ಹೊಡೆಯುತ್ತಿದ್ದವರೇ ಈಗ ಬೀದಿಯ ಆ ಕಡೆಗೆ ದಾಟಿಕೊಳ್ಳುತ್ತಿದ್ದರು. ಅಂಥವರ ಬಗ್ಗೆ ಹೆಚ್ಚು ಹೇಳದಿರುವುದೇ ವಾಸಿ.

ಕೇಸು ಹಿಡಿದ ವಕೀಲಮ್ಮ ದಪ್ಪ ಕನ್ನಡಕದ, ಸದಾ ನೆಗಡಿಯ ಹೆಂಗಸು. ಮೇಸ್ತ್ರಿಯೊಡನೆ ಮಾತಾಡಿ ಮಾತಾಡಿ ಆಕೆಗೆ ಸಾಕಾಗಿಹೋಗಿತ್ತು.

"ಕೈ ಜಾರಿತು ಅಂತ ಒಂದು ಮಾತು ಹೇಳಿ ಮೇಸ್ತ್ರೀ. ಬೇಕಂತ ಮಾಡಿದ್ದಲ್ಲ ಅಂತ ನಾನು ನೋಡ್ಕೋತೀನಿ."

"ಜಾರದೇ ಇರೋ ಕೈ ಜಾರಿತು ಅಂತ ಹೇಗಮ್ಮಾ ಹೇಳ್ಲಿ?"

"ಹತ್ತು ವರ್ಷ ಒಳಗೆ ಕೂತ್ಕೋತೀರಾ?"

"ಕೂತ್ಕೋತೀನಿ. ಕೆಟ್ಟ ಕೆಲಸಗಾರ ಅನ್ನಿಸ್ಕೊಂಡು ಹೊರಗಿರೋದಕ್ಕಿಂತ ಅದೇ ವಾಸಿ."

ವಕೀಲಮ್ಮ ಮೂಗೊರೆಸಿಕೊಂಡಳು. ಆದರೆ ಎದ್ದು ಹೋಗಲಿಲ್ಲ. ಕೆಲಸವಿಲ್ಲದೆ ಕೂರಲಾರದ ಮೇಸ್ತ್ರಿ ಪಕ್ಕದ ಮನೆಯವರಿಗೊಂದು ಬೀಗದ ಕೈ ಮಾಡುತ್ತಿದ್ದರು. ಮುಗಿಸಿ ಕೈ ತೊಳೆಯಲು ಎದ್ದರು. ಮಗಳು ಅಭ್ಯಾಸಬಲದಿಂದ ಆ ಬೀಗದ ಕೈಯನ್ನೆತ್ತಿ, ಉಗುರೆಳೆದು, ಎರಡು ಸಲ ಅರ ಆಡಿಸಿ, ಇದ್ದಲ್ಲೇ ಇಟ್ಟಳು. ತಲೆಯೆತ್ತಿದರೆ ದಪ್ಪ ಕನ್ನಡಕ ಅವಳನ್ನೇ ನೋಡುತ್ತಿತ್ತು.

"ಎಷ್ಟು ದಿನದಿಂದ ನಡೀತಿದೆ ಇದು?" ವಕೀಲಮ್ಮ ಪಿಸುಗುಟ್ಟಿದಳು.

ಮಗಳು ಹೇಳಿದಳು. ಹೇಳುತ್ತ ಅತ್ತಳು. "ಕೋರ್ಟಲ್ಲಿ ಮಾತ್ರ ಬೇಡ ಮೇಡಂ. ಅಪ್ಪ ಬದುಕೋದಿಲ್ಲ" ಎಂದಳು.

"ಜೈಲಲ್ಲಿ ಬದುಕ್ತಾರಾ? ಯೋಚನೆ ಮಾಡು" ಎಂದು ಹೇಳಿ ವಕೀಲಮ್ಮ ಚಪ್ಪಲಿ ಮೆಟ್ಟಿ ಹೊರಟಳು.

ವಿಚಾರಣೆಯ ದಿನ ಸರ್ಕಾರಿ ವಕೀಲರು ಎಷ್ಟು ಮರ್ಯಾದೆಯಿಂದ ಮಾತಾಡಿದರೆಂದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಿತ್ತು.

"ನಲವತ್ತೊಂದು ವರ್ಷದ ಅನುಭವ ನಿಮ್ಮದು. ಯಾವತ್ತಾದ್ರೂ ನಿಮ್ಮ ಅರ ಜಾರಿದ್ದುಂಟಾ?"

ಮೇಸ್ತ್ರಿ ಕಟಕಟೆಯಲ್ಲಿ ನೆಟ್ಟಗೆ ನಿಂತರು. "ಒಂದು ಸಲವೂ ಇಲ್ಲ ಸ್ವಾಮಿ."

"ಹಾಗಾದ್ರೆ ಈ ಕೊಕ್ಕೆ ಮೇಲಿರೋ ಗುರುತು ಜಾರಿ ಆಗಿದ್ದಲ್ಲ."

"ನನ್ನ ಕೈ ಜಾರಲ್ಲ ಸ್ವಾಮಿ."

ಸರ್ಕಾರಿ ವಕೀಲರು ಖುಷಿಯಿಂದ ಕೂತರು. ಅವರು ಬಲೆ ಬೀಸುವ ಮೊದಲೇ ಮೀನು ತಾನಾಗಿ ಬಂದು ಬಿದ್ದಿತ್ತು. ವಕೀಲಮ್ಮ ಹಿಂದೆ ತಿರುಗಿ ಮಗಳ ಕಡೆ ನೋಡಿದಳು. ಆ ಒಂದು ನೋಟಕ್ಕೂ ತಾನು ಎದ್ದು ನಿಂತದ್ದಕ್ಕೂ ನಡುವೆ ಎಷ್ಟು ಹೊತ್ತು ಹೋಯಿತೋ ಮಗಳಿಗೆ ಇಂದಿಗೂ ತಿಳಿಯದು. ಮುಂದಿನ ಬೆಂಚು ಹಿಡಿದುಕೊಂಡದ್ದು ಮಾತ್ರ ನೆನಪಿದೆ.

ಸಾಕ್ಷಿಯ ಜಾಗಕ್ಕೆ ಹೋಗಿ ಅವಳು ಎಲ್ಲ ಹೇಳಿದಳು, ಅಪ್ಪನ ಕಡೆ ಮಾತ್ರ ನೋಡಲಿಲ್ಲ. ಎರಡು ವರ್ಷದಿಂದ ಅಪ್ಪನಿಗೆ ಕಣ್ಣು ಕಾಣಿಸದು, ತಾನು ಹಿಂದಿನಿಂದ ತಿದ್ದುತ್ತಿದ್ದೆ, ಆ ಎಂಟು ದಿನ ತಾನು ಊರಲ್ಲಿರಲಿಲ್ಲ.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಅಪ್ಪನನ್ನ ಉಳಿಸಿಕೊಳ್ಳೋಕೆ ಮಗಳು ಏನು ಬೇಕಾದ್ರೂ ಹೇಳ್ತಾಳಲ್ಲಮ್ಮ."

ಅದಕ್ಕೆಂದೇ ವಕೀಲಮ್ಮ ಕಾದಿದ್ದಳು. ಹಿಂದಿನ ಎರಡು ವರ್ಷಗಳಲ್ಲಿ ಅದೇ ಅಂಗಡಿಯಲ್ಲಿ ರಿಪೇರಿಯಾದ, ಅದೇ ಕ್ಲಬ್ಬಿನ ಇನ್ನೆರಡು ರೈಫಲ್ಲುಗಳ ಕೊಕ್ಕೆಗಳನ್ನು ಕೋರ್ಟಿನ ಅಪ್ಪಣೆ ಪಡೆದು ತರಿಸಿದ್ದಳು. ಮೂರನ್ನೂ ಒಂದು ತಟ್ಟೆಯಲ್ಲಿ ಹಾಕಿ, ಮಗಳ ಕಣ್ಣಿಗೆ ಬಟ್ಟೆ ಕಟ್ಟಿಸಿ, ಗುಮಾಸ್ತರ ಕೈಯಲ್ಲಿ ಕೊಡಿಸಿದಳು.

ಮಗಳು ಒಂದೊಂದರ ಅಂಚಿನ ಮೇಲೂ ಹೆಬ್ಬೆರಳಿನ ಉಗುರೆಳೆದಳು.

"ಇದರ ಮೇಲೆ ಮೊದಲು ಅಪ್ಪನ ಕೈ, ಆಮೇಲೆ ನನ್ನ ಕೈ. ಇದೂ ಹಾಗೇ." ಮೂರನೆಯದರ ಮೇಲೆ ಉಗುರು ತಡೆಯಿತು. "ಇದು... ಅಪ್ಪನದು ಮಾತ್ರ."

ಸರ್ಕಾರದ ಕಡೆಯ ಪರಿಣತರೇ ಭೂತಗನ್ನಡಿ ಹಿಡಿದು ನೋಡಬೇಕಾಯಿತು. ಎರಡು ಕೊಕ್ಕೆಗಳ ಮೇಲೆ ಓರೆಯಾದ ಅರದ ಗೆರೆಗಳಿದ್ದವು, ಅವುಗಳನ್ನು ಅಡ್ಡ ಹಾಯ್ದು ನೇರವಾದ ಗೆರೆಗಳಿದ್ದವು. ಮೂರನೆಯದರ ಮೇಲೆ ಓರೆ ಗೆರೆಗಳಷ್ಟೇ ಇದ್ದವು. ಓರೆ ಮೂರರಲ್ಲೂ ಒಂದೇ ಕಡೆಗಿತ್ತು. ಬೇಕೆಂದು ಮಾಡುವವನು ಎರಡು ವರ್ಷದಿಂದ ಎಲ್ಲದರಲ್ಲೂ ಒಂದೇ ತಪ್ಪು ಮಾಡುತ್ತ ಕೂರುವುದಿಲ್ಲ ಎಂದು ಪರಿಣತರು ಒಪ್ಪಿಕೊಂಡರು, ಕಷಾಯ ಕುಡಿದವರ ಮುಖ ಮಾಡಿಕೊಂಡೇ ಒಪ್ಪಿಕೊಂಡರು. ಕಣ್ಣಿನ ಡಾಕ್ಟರ ವರದಿಯೂ ಬಂತು. ಒಂದು ಕಣ್ಣಿಗೆ ಬೆಳಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ, ಇನ್ನೊಂದು ಅದರ ಹಿಂದೆಯೇ ಹೊರಟಿತ್ತು. ಮೇಸ್ತ್ರಿ ನಿರ್ದೋಷಿಯೆಂದು ತೀರ್ಪಾಯಿತು.

ಗೆದ್ದ ಮನೆಯಲ್ಲಿ ಸಾವಿನ ಮನೆಯ ಮೌನವಿತ್ತು. ಮಗಳು ಸಾಕ್ಷಿ ಹೇಳಿದ ದಿನದಿಂದ ಅಪ್ಪ ಅವಳೊಡನೆ ಮಾತು ಬಿಟ್ಟಿದ್ದರು. ತಟ್ಟೆ ಮುಂದಿಟ್ಟರೆ ಊಟ ಮಾಡುವರು, ಎದ್ದು ಹೋಗುವರು. ಕಣ್ಣಿನ ಆಪರೇಷನ್ ಆದಾಗಲೂ ನರ್ಸಿನ ಕೈ ಹಿಡಿದು ನಡೆದರೇ ಹೊರತು ಅವಳ ಕೈ ಹಿಡಿಯಲಿಲ್ಲ. ಹತ್ತು ವರ್ಷದ ಜೈಲಿಗೆ ಹೆದರಿ ತಾನೇ ಅಪ್ಪನನ್ನು ಕೊಂದೆನೇನೋ ಎಂದು ಅವಳಿಗೆ ಅನ್ನಿಸಿದ ದಿನಗಳವು. ಜೈಲಿಗೆ ಹೋಗಿದ್ದರೆ ವಾರಕ್ಕೊಮ್ಮೆಯಾದರೂ ಮಾತಾಡುತ್ತಿದ್ದರು ಅನ್ನುವ ಹುಚ್ಚು ಯೋಚನೆಯೂ ಬಂದುಹೋಯಿತು.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತರು.

"ಲೈಸೆನ್ಸ್ ಆಫೀಸಿಗೆ ಹೋಗ್ಬೇಕು. ನಡಿ" ಎಂದರು. ಅಷ್ಟು ದಿನಗಳ ಮೇಲೆ ಆಡಿದ ಮೊದಲ ಮಾತು ಅದು.

ಅಂಗಡಿಯ ಬೀಗಮುದ್ರೆ ತೆಗೆದಿದ್ದರೂ ರಿಪೇರಿಯ ಪರವಾನಗಿಯನ್ನು ಹೊಸದಾಗಿ ಮಾಡಿಸಬೇಕಿತ್ತು. ಆಪರೇಷನ್ನಿನಿಂದ ಒಂದು ಕಣ್ಣಿಗೆ ದಾರಿ ನೋಡುವಷ್ಟು ದೃಷ್ಟಿ ಬಂದಿತ್ತು, ಸಣ್ಣ ಕೆಲಸ ಮಾಡುವಷ್ಟು ಬಂದಿರಲಿಲ್ಲ. ಅಂಥವರಿಗೆ ಪರವಾನಗಿ ಕೊಡಲಾರರು, ಕೌಂಟರಿನಲ್ಲಿ ಅಪ್ಪ ಇನ್ನೊಮ್ಮೆ ಅವಮಾನ ತಿನ್ನಬೇಕು ಎಂದು ಅವಳು ದಾರಿಯುದ್ದಕ್ಕೂ ಬೇಯುತ್ತಿದ್ದಳು. ಆಫೀಸಿನಲ್ಲಿ ಹದಿನೈದು ಇಪ್ಪತ್ತು ಜನರ ಸಾಲಿತ್ತು. ಅದರಲ್ಲಿ ನಾಲ್ಕೈದು ಮಂದಿ ಅಂಗಡಿಯ ಹಳೆಯ ಗಿರಾಕಿಗಳು. ಅವರು ಇವರನ್ನು ಕಂಡು ಗೋಡೆಯ ಮೇಲಿನ ಸೂಚನೆಗಳನ್ನು ಬಹಳ ಆಸಕ್ತಿಯಿಂದ ಓದತೊಡಗಿದರು.

ಸರದಿ ಬಂದಾಗ ಗುಮಾಸ್ತ ಅರ್ಜಿ ಎಳೆದುಕೊಂಡ. "ಯಾರ ಹೆಸರಿಗೆ?"

"ನನ್ನ ಮಗಳ ಹೆಸರಿಗೆ" ಎಂದರು ಅಪ್ಪ.

ಅವಳು ತಟ್ಟನೆ ಅಪ್ಪನ ಕಡೆ ತಿರುಗಿದಳು.

"ಹೆಂಗಸರಾ?" ಗುಮಾಸ್ತ ಹುಬ್ಬೇರಿಸಿದ. "ಅನುಭವ ಏನಿದೆ? ಸರ್ಟಿಫಿಕೇಟ್ ಗಿರ್ಟಿಫಿಕೇಟ್ ಏನಾದ್ರೂ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕೌಂಟರಿನ ಮೇಲೆ ಎರಡೂ ಕೈ ಊರಿದರು.

"ಬರ್ಕೊಳ್ಳಿ. ನಲವತ್ತೊಂದು ವರ್ಷ ಕೆಲಸ ಮಾಡಿದ ಒಬ್ಬ ಮೇಸ್ತ್ರಿಯ ತಪ್ಪನ್ನ ಎರಡು ವರ್ಷ ತಿದ್ದಿದ್ದಾಳೆ. ಅವಳು ತಿದ್ದಿದ್ದು ಒಂದೂ ವಾಪಸ್ ಬಂದಿಲ್ಲ."

"ಯಾರ್ರೀ ಆ ಮೇಸ್ತ್ರಿ?" ಎಂದ ಗುಮಾಸ್ತ, ಬರೆಯುತ್ತ, ತಲೆಯೆತ್ತದೆ.

ಅಪ್ಪ ಸಾಲಿನ ಕಡೆಗೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ನಾನೇ" ಎಂದರು.